ಹತ್ತಿ ನೋಡಿಯೇ ಇಳಿಯಬೇಕಾದ ಹಿಮಗೊರಕಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಎರಡು ಬಂಡೆಗೋಡೆಗಳ ನಡುವೆ ಹಿಮ ತುಂಬಿ ನಿಂತ ಕಡಿದಾದ ಕೊರಕಲಿಗೆ ಪರ್ವತಾರೋಹಿಗಳು ಕುಲ್ವಾರ್ ಎನ್ನುತ್ತಾರೆ. ಲಿಫ್ಟ್ ಇಲ್ಲದ, ಗಸ್ತು ಇಲ್ಲದ ಇಂಥ ಜಾಗವನ್ನು ಸ್ವಂತ ಕಾಲಲ್ಲಿ ಹತ್ತಿ ಸ್ಕೀ ಅಥವಾ ಸ್ನೋಬೋರ್ಡಿನಲ್ಲಿ ಇಳಿಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಸ್ಕೀ ರೆಸಾರ್ಟಿನ 35 ಡಿಗ್ರಿಯ ಇಳಿಜಾರಿನಲ್ಲಿ ನನಗೆ ಅಳುಕಿಲ್ಲ. 45 ಡಿಗ್ರಿಯ ಕುಲ್ವಾರ್ ಅಂದರೆ ಬರೀ ಹತ್ತು ಡಿಗ್ರಿ ಹೆಚ್ಚು ತಾನೆ? ಇಷ್ಟಕ್ಕೂ ಈ ಕೋನವನ್ನು ಅಳೆಯುವುದು ಹೇಗೆ?

ಉತ್ತರ: ಹೆಚ್ಚಿರುವುದು ಹತ್ತೇ ಡಿಗ್ರಿ, ನಿಜ. ಆದರೆ ರೆಸಾರ್ಟಿನಲ್ಲಿ ಬಿದ್ದವರು ಜಾರಿಕೊಂಡು ಹೋಗಿ ಅಗಲವಾದ ಜಾಗದಲ್ಲಿ ನಿಲ್ಲುತ್ತಾರೆ, ಎದ್ದು ಮೈ ಕೊಡವಿಕೊಳ್ಳುತ್ತಾರೆ. ಕುಲ್ವಾರಿನಲ್ಲಿ ಎಡಕ್ಕೂ ಬಂಡೆ, ಬಲಕ್ಕೂ ಬಂಡೆ. ಕೆಳಗೆ ತಿರುವೋ ಪ್ರಪಾತವೋ ಇದ್ದೀತು. 40 ಡಿಗ್ರಿಯ ಗಟ್ಟಿ ಹಿಮದಲ್ಲಿ ನುಣುಪಾದ ಜಾಕೆಟ್ ತೊಟ್ಟು ಬಿದ್ದವರ ವೇಗ ಎರಡು ಸೆಕೆಂಡಿಗೆ ಗಂಟೆಗೆ ಸುಮಾರು 40 ಕಿ.ಮೀ., ಮೂರು ಸೆಕೆಂಡಿಗೆ 60 ಕಿ.ಮೀ. ಮುಟ್ಟುತ್ತದೆ. ಅಷ್ಟರಲ್ಲಿ 25 ಮೀಟರ್ ಕೆಳಗೆ ಹೋಗಿಯಾಗಿರುತ್ತದೆ. ಹಾಗಾಗಿ ಎಷ್ಟು ಕಡಿದು ಎಂಬುದಕ್ಕಿಂತ ಬಿದ್ದರೆ ಎಲ್ಲಿ ನಿಲ್ಲುತ್ತೇನೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಫ್ರೆಂಚ್ ಆಲ್ಪ್ಸ್‌ನಲ್ಲಿ ಬಳಕೆಯಲ್ಲಿರುವ ಟೊಪೊನೇಜ್ ಶ್ರೇಣಿ ಇವೆರಡನ್ನೂ ಬೇರೆಬೇರೆಯಾಗಿಯೇ ಹೇಳುತ್ತದೆ: ಸ್ಕೀಯಿಂಗ್‌ನ ಕಷ್ಟಕ್ಕೆ 1ರಿಂದ 5, ಬಿದ್ದರೆ ಆಗುವ ಅನಾಹುತಕ್ಕೆ ಇ1ರಿಂದ ಇ4. ಸುಲಭ ತಿರುವು, ಕೆಳಗೆ ಪ್ರಪಾತ ಎಂಬ ಜೋಡಿಯೂ ಉಂಟು. ಜನ ಮೋಸಹೋಗುವುದು ಹೆಚ್ಚಾಗಿ ಅಲ್ಲೇ.

ಅಳತೆಗೆ ಬರೋಣ. 1:25,000 ನಕ್ಷೆಯಲ್ಲಿ 20 ಮೀಟರ್ ಅಂತರದ ಎತ್ತರ ರೇಖೆಗಳಿದ್ದರೆ, 35 ಡಿಗ್ರಿಯಲ್ಲಿ ಎರಡು ರೇಖೆಗಳ ನಡುವೆ ಸುಮಾರು 1.1 ಮಿ.ಮೀ. ಇರುತ್ತದೆ, 45 ಡಿಗ್ರಿಯಲ್ಲಿ 0.8 ಮಿ.ಮೀ. ಕಣ್ಣಳತೆಗೆ ದಕ್ಕುವ ವ್ಯತ್ಯಾಸ ಇದಲ್ಲ. ಫೋನಿನ ನಕ್ಷೆಗಳು ಕೋನಕ್ಕೆ ತಕ್ಕ ಬಣ್ಣ ಹಚ್ಚಿ ತೋರಿಸುತ್ತವೆ. ಒಳ್ಳೆಯದೇ, ಆದರೆ ಅದು ಒಂದಿಷ್ಟು ಚದರ ಮೀಟರಿನ ಸರಾಸರಿ. ನಡುವೆ ಇರುವ ಹತ್ತಿಪ್ಪತ್ತು ಮೀಟರಿನ 50 ಡಿಗ್ರಿಯ ತುಂಡು ಆ ಸರಾಸರಿಯಲ್ಲಿ ಮಾಯವಾಗಿಬಿಡುತ್ತದೆ.

ಜಾಗಕ್ಕೆ ಹೋದ ಮೇಲೆ ಒಂದೇ ಉದ್ದದ ಎರಡು ಸ್ಕೀ ಕೋಲು ಸಾಕು. ಒಂದನ್ನು ಹಿಮದ ಮೇಲೆ, ಒಳಗೆ ಚುಚ್ಚದೆ, ನೇರ ನಿಲ್ಲಿಸಿ. ಇನ್ನೊಂದನ್ನು ಅದರ ತುದಿಯಿಂದ ಬೆಟ್ಟದ ಕಡೆಗೆ ಅಡ್ಡಲಾಗಿ, ಮಟ್ಟಸವಾಗಿ ಹಿಡಿಯಿರಿ. ಅಡ್ಡಕೋಲಿನ ಕೊನೆ ಸರಿಯಾಗಿ ಹಿಮ ಮುಟ್ಟಿದರೆ 45 ಡಿಗ್ರಿ. ಮುಟ್ಟದೆ ಗಾಳಿಯಲ್ಲೇ ಉಳಿದರೆ ಅದಕ್ಕಿಂತ ಕಡಿಮೆ. ಕೋಲು ಮುಗಿಯುವ ಮೊದಲೇ ಹಿಮ ಅಡ್ಡ ಬಂದರೆ ಹೆಚ್ಚು. ಅಗಲವನ್ನೂ ನೋಡಿಕೊಳ್ಳಿ: ಸ್ಕೀಯೇ 180 ಸೆಂ.ಮೀ. ಉದ್ದ. ಕುಲ್ವಾರಿನ ಕತ್ತು ಅದಕ್ಕಿಂತ ಕಿರಿದಾಗಿದ್ದರೆ ಅಲ್ಲಿ ತಿರುವು ಹಾಕುವ ಮಾತೇ ಇಲ್ಲ.

ಪ್ರಶ್ನೆ: ಏನೇನು ಹೊರಬೇಕು? ಬೂಟಿನಡಿಗೆ ಕಟ್ಟುವ ಹಲ್ಲಿನ ಚೌಕಟ್ಟು, ಅಂದರೆ ಕ್ರಾಂಪಾನ್, ಅಲ್ಯೂಮಿನಿಯಂನದು ಹಗುರ ಅಂತ ಕೊಂಡಿದ್ದೇನೆ, ನಡೆಯುತ್ತದೆಯೆ?

ಉತ್ತರ: ಹಿಮ ಮಾತ್ರ ಇರುವಲ್ಲಿ ನಡೆಯುತ್ತದೆ. ನೀಲಿ ಮಂಜುಗಡ್ಡೆ ಅಥವಾ ಬಂಡೆ ತುಳಿಯಬೇಕಾದಲ್ಲಿ ಅಲ್ಯೂಮಿನಿಯಂ ಹಲ್ಲು ಬೇಗ ಮೊಂಡಾಗುತ್ತದೆ, ಕಚ್ಚುವುದೂ ಇಲ್ಲ. ಅಲ್ಲಿಗೆ ಉಕ್ಕಿನದೇ ಬೇಕು. ಯಾವುದಾದರೂ ಸರಿ, ಅಡಿಯಲ್ಲಿ ಹಿಮ ಅಂಟದಂತೆ ತಡೆಯುವ ಪ್ಲಾಸ್ಟಿಕ್ ತಟ್ಟೆ ಇರಲಿ. ಅದಿಲ್ಲದಿದ್ದರೆ ಹಸಿ ಹಿಮ ಹಲ್ಲುಗಳ ನಡುವೆ ಮುದ್ದೆ ಕಟ್ಟಿ, ಹಲ್ಲು ಇದ್ದೂ ಇಲ್ಲದಂತಾಗುತ್ತದೆ. ಬೂಟಿಗೆ ಕ್ರಾಂಪಾನನ್ನು ಮನೆಯಲ್ಲೇ ಹೊಂದಿಸಿ, ಕಾಲು ಝಾಡಿಸಿ ನೋಡಿ. ಸ್ನೋಬೋರ್ಡಿನ ಮೆತ್ತನೆಯ ಬೂಟಿಗೆ ಮುಂದೆ ತಂತಿ ಸಿಕ್ಕಿಸುವ ನಮೂನೆ ಕೂರುವುದಿಲ್ಲ. ಪೂರ್ತಿ ಪಟ್ಟಿ ಕಟ್ಟುವ ನಮೂನೆಯೇ ಆಗಬೇಕು.

ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಕ್ಕಿನ ಕೊಡಲಿ) 50–55 ಸೆಂ.ಮೀ. ಇದ್ದರೆ ಚೀಲದ ಮೇಲೂ ಕೈಯಲ್ಲೂ ತೊಡಕಾಗದು. ಅದು ಚೀಲದ ಪಟ್ಟಿಯೊಳಗೆ ಆಳವಾಗಿ ಕಟ್ಟಿಹಾಕಿದ್ದಲ್ಲ, ಕೈಗೆ ಸಿಗುವಂತಿರಬೇಕು. ಹೆಲ್ಮೆಟ್ ಹತ್ತುವಾಗಲೇ ತಲೆಯ ಮೇಲಿರಲಿ. ಎಷ್ಟೋ ಜನ ಬೆವರುತ್ತದೆಂದು ಅದನ್ನು ಚೀಲಕ್ಕೆ ಸಿಕ್ಕಿಸಿ, ಮೇಲೆ ಹೋದ ಮೇಲೆ ಹಾಕಿಕೊಳ್ಳುತ್ತಾರೆ. ಕಲ್ಲು ಬೀಳುವುದು ಹತ್ತುವಾಗ.

ಟ್ರಾನ್ಸೀವರ್, ಹಿಮ ಚುಚ್ಚಿ ಹುಡುಕಲು 240 ಸೆಂ.ಮೀ.ಗೆ ಕಡಿಮೆಯಿಲ್ಲದ ಕೋಲು (ಪ್ರೋಬ್), ಲೋಹದ ಸಲಿಕೆ ಪ್ರತಿಯೊಬ್ಬರಲ್ಲೂ ಇರಬೇಕು. ಗುಂಪಿಗೆ ಒಂದು ಅಂದರೆ ಇಲ್ಲ ಎಂದೇ ಅರ್ಥ. ಟ್ರಾನ್ಸೀವರ್ ಎಂದರೆ ಹಿಮದಡಿ ಹೂತವರನ್ನು ಹುಡುಕಲು 457 ಕಿಲೋಹರ್ಟ್ಜ್‌ನಲ್ಲಿ ಸಂಕೇತ ಕಳುಹಿಸುವ, ಹಿಡಿಯುವ ಸಾಧನ. ಫೋನು, ಬಿಸಿ ಮಾಡುವ ಕೈಗವಸು, ಕ್ಯಾಮೆರಾ ಅದಕ್ಕೆ ತೊಂದರೆ ಕೊಡುತ್ತವೆ. ಕಳುಹಿಸುವ ಸ್ಥಿತಿಯಲ್ಲಿದ್ದಾಗ ಅವನ್ನು 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿಡಿ. ಗಾಳಿಚೀಲದ ಬ್ಯಾಗಿನ ಮೇಲೆ ಕುಲ್ವಾರಿನಲ್ಲಿ ಹೆಚ್ಚು ಭರವಸೆ ಬೇಡ. ಹಿಮಕುಸಿತದಲ್ಲಿ ಅದು ಮುಳುಗದಂತೆ ನೋಡಿಕೊಂಡೀತು, ಬಂಡೆಗೆ ಬಡಿಯದಂತೆ ನೋಡಿಕೊಳ್ಳಲಾರದು.

ಪ್ರಶ್ನೆ: ಎಷ್ಟು ಹೊತ್ತಿಗೆ ಹೊರಡಬೇಕು?

ಉತ್ತರ: ಹೊರಡುವ ಹೊತ್ತನ್ನಲ್ಲ, ಇಳಿಯುವ ಹೊತ್ತನ್ನು ಮೊದಲು ಗೊತ್ತುಮಾಡಿ ಹಿಂದಕ್ಕೆ ಎಣಿಸಿ. ಗಟ್ಟಿ ಹಿಮದಲ್ಲಿ ಅಭ್ಯಾಸವಿರುವವರು ಗಂಟೆಗೆ 400 ಮೀಟರ್ ಎತ್ತರ ಏರಿಯಾರು. ಮೊಣಕಾಲುದ್ದ ಹಿಮದಲ್ಲಿ 200 ಏರಿದರೂ ದೊಡ್ಡದು. 600 ಮೀಟರಿನ ಕುಲ್ವಾರಿಗೆ ನಡುಲೆಕ್ಕ 300 ಹಿಡಿದರೆ ಎರಡು ತಾಸು, ಬುಡದವರೆಗಿನ ನಡಿಗೆ ಒಂದೂವರೆ ತಾಸು, ಮೇಲೆ ಸ್ಕೀ ಕಟ್ಟಿಕೊಳ್ಳಲು ಅರ್ಧ ತಾಸು, ಕೈಗಾವಲಿಗೆ ಇನ್ನರ್ಧ. ಎಂಟೂವರೆಗೆ ಇಳಿಯಬೇಕಿದ್ದರೆ ನಾಲ್ಕಕ್ಕೆ ಹೊರಡಬೇಕು.

ಇಳಿಯುವ ಹೊತ್ತನ್ನು ಹೇಳುವುದು ಕುಲ್ವಾರಿನ ದಿಕ್ಕು. ಉತ್ತರ ಗೋಳಾರ್ಧದಲ್ಲಿ ಪೂರ್ವಮುಖದ ಕುಲ್ವಾರಿಗೆ ಸೂರ್ಯ ಹುಟ್ಟಿದ ಕೂಡಲೇ ಬಿಸಿಲು, ದಕ್ಷಿಣದ್ದಕ್ಕೆ ಹೊತ್ತೇರಿದ ಮೇಲೆ, ಪಶ್ಚಿಮದ್ದಕ್ಕೆ ಮಧ್ಯಾಹ್ನದಿಂದ. ಉತ್ತರಮುಖದ್ದು ಚಳಿಗಾಲದುದ್ದಕ್ಕೂ ನೆರಳಲ್ಲೇ ಇದ್ದು ಒಣಹಿಮ ಉಳಿಸಿಕೊಳ್ಳುತ್ತದೆ. ಹಾಗೆಯೇ ದುರ್ಬಲ ಪದರವನ್ನೂ ವಾರಗಟ್ಟಲೆ ಉಳಿಸಿಕೊಳ್ಳುತ್ತದೆ. ವಸಂತದಲ್ಲಿ ಬೇಕಾದದ್ದು ರಾತ್ರಿ ಗಟ್ಟಿಯಾಗಿ ಹೆಪ್ಪುಗಟ್ಟಿ, ಬೆಳಿಗ್ಗೆ ಮೇಲಿನ ಎರಡು ಮೂರು ಸೆಂ.ಮೀ. ಮಾತ್ರ ಸಡಿಲವಾದ ಹಿಮ. ರಾತ್ರಿ ಮೋಡ ಮುಚ್ಚಿದ್ದರೆ ಹಿಮ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡಲಾರದು, ಥರ್ಮಾಮೀಟರ್ ಸೊನ್ನೆ ತೋರಿಸಿದರೂ ಹೆಪ್ಪು ಕಟ್ಟಿರುವುದಿಲ್ಲ. ಬುಡದಲ್ಲಿ ಬೆಳಗಿನ ಜಾವವೇ ಬೂಟು ಕಣಕಾಲಿನ ಮೇಲೆ ಹೂತುಹೋದರೆ ಆ ದಿನದ ಮಟ್ಟಿಗೆ ಅಲ್ಲಿಂದಲೇ ತಿರುಗಬೇಕು.

ಇನ್ನೊಂದು: ನಿಮ್ಮ ಕಾಲಡಿಗೆ ಬಿಸಿಲು ಬಾರದಿದ್ದರೂ ಮೇಲಿನ ಬಂಡೆಗೆ ಬಂದಿರಬಹುದು. ಬಂಡೆಗೆ ಅಂಟಿದ್ದ ಮಂಜುಗಡ್ಡೆ ಬಿಡುವುದು ಆಗ, ಅದು ಹಿಡಿದಿದ್ದ ಕಲ್ಲು ಉದುರುವುದೂ ಆಗಲೇ. ಗೋಡೆಗಳ ತುದಿಯ ಮೇಲೆ ಒಂದು ಕಣ್ಣಿರಲಿ.

ಪ್ರಶ್ನೆ: ಅಷ್ಟು ಕಿರಿದಾದ ಜಾಗದಲ್ಲಿ ಹಿಮಕುಸಿತ ಆದರೂ ಎಷ್ಟು ದೊಡ್ಡದು ಆದೀತು? ಹಿಂದಿನ ದಿನ ಬೇರೆಯವರು ಇಳಿದ ಗುರುತಿದ್ದರೆ ಧೈರ್ಯವಾಗಿ ಹೋಗಬಹುದಲ್ಲ?

ಉತ್ತರ: ಮೊದಲ ಪ್ರಶ್ನೆಗೆ ಒಂದು ಲೆಕ್ಕ. 20 ಸೆಂ.ಮೀ. ದಪ್ಪದ ಪದರ, 10 ಮೀಟರ್ ಅಗಲ, 15 ಮೀಟರ್ ಉದ್ದ: 30 ಘನ ಮೀಟರ್. ಗಾಳಿ ಒತ್ತಿದ ಹಿಮ ಘನ ಮೀಟರಿಗೆ 200 ಕಿಲೋ ತೂಗುತ್ತದೆಂದು ಹಿಡಿದರೆ ಆರು ಟನ್. ಅಗಲ ಮೈದಾನದಲ್ಲಿ ಇದು ಸಣ್ಣದೇ, ಹರಡಿಕೊಂಡು ನಿಂತುಬಿಡುತ್ತದೆ. ಕುಲ್ವಾರ್ ಲಾಳಿಕೆಯ ಹಾಗೆ. ಆರು ಟನ್ನೂ ಒಂದೇ ಓಣಿಯಲ್ಲಿ ಬರಬೇಕು, ಆ ಓಣಿಯಲ್ಲೇ ನೀವೂ ಇರುತ್ತೀರಿ. ಹೂತುಹೋಗುವ ಮಾತು ಆಮೇಲಿನದು. ಕಾಲು ತಪ್ಪಿಸಿ ಬಂಡೆಗೆ ಒಗೆಯಲು ಅದರ ಹತ್ತನೇ ಒಂದು ಪಾಲು ಸಾಕು.

ಹಿಮಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಆಗುತ್ತವೆ, ಕುಲ್ವಾರುಗಳ ಬಹುಭಾಗವೂ ಅದೇ ಕೋನದಲ್ಲಿದೆ. ಅಪಾಯ ಕೂತಿರುವ ಜಾಗ ಮೂರು. ಶಿಖರದ ಅಂಚಿನಾಚೆಯಿಂದ ಬೀಸಿದ ಗಾಳಿ ಹಿಮ ಹೊತ್ತು ತಂದು ಕುಲ್ವಾರಿನ ನೆತ್ತಿಯಲ್ಲಿ ಸುರಿದು ಗಟ್ಟಿ ಪದರ ಕಟ್ಟುತ್ತದೆ. ಕೊನೆಯ ಮೂವತ್ತು ನಲವತ್ತು ಮೀಟರ್ ಕೆಳಗಿನ ಹಿಮಕ್ಕಿಂತ ಬೇರೆಯೇ ಆಗಿರುವುದು ಇದರಿಂದ. ಅಡ್ಡಗಾಳಿ ಬೀಸಿದರೆ ಒಂದು ಗೋಡೆಯ ಬದಿಯಲ್ಲಿ ಮಾತ್ರ ಇಂಥ ಪದರ ಕೂರುತ್ತದೆ, ಇನ್ನೊಂದು ಬದಿ ಹಳೆಯ ಗಟ್ಟಿ ಹಿಮವೇ. ಮೂರನೆಯದು ಶಿಖರದ ಅಂಚಿನಿಂದ ಸೂರಿನಂತೆ ಹೊರಚಾಚಿದ ಹಿಮ, ಅಂದರೆ ಕಾರ್ನಿಸ್. ಅದು ಒಡೆಯುವಾಗ ನೀವೆಣಿಸಿದ ಗೆರೆಗಿಂತ ತುಂಬ ಹಿಂದಕ್ಕೆ ಒಡೆಯುತ್ತದೆ, ಮೇಲಿನಿಂದ ಬಗ್ಗಿ ನೋಡಲು ಹೋದವರನ್ನೂ ಕರೆದೊಯ್ಯುತ್ತದೆ.

ಕೆಳಗಿನಿಂದ ಹತ್ತಿ ಹೋಗುವುದರ ದೊಡ್ಡ ಲಾಭ ಇಲ್ಲಿದೆ. ಪ್ರತಿ ಹೆಜ್ಜೆಯೂ ಒಂದು ಪರೀಕ್ಷೆ. ಕೋಲನ್ನು ತಲೆಕೆಳಗು ಮಾಡಿ ಒತ್ತಿ ನೋಡಿ: ಮೇಲೆ ಗಟ್ಟಿ, ಆಮೇಲೆ ಒಮ್ಮೆಲೇ ಜಾರಿ ಒಳಗೆ ಹೋಯಿತೆಂದರೆ ಗಟ್ಟಿ ಪದರದ ಅಡಿ ಸಡಿಲ ಹಿಮ ಇದೆ. ಪ್ರತಿ ಐವತ್ತು ಮೀಟರಿಗೊಮ್ಮೆ ಕೈಯಿಂದ ಮೊಣಕೈ ಆಳದ ಸಣ್ಣ ಚೌಕ ಕತ್ತರಿಸಿ ಹಿಂದಿನಿಂದ ಎಳೆಯಿರಿ. ಬೆರಳ ಬಲಕ್ಕೇ ಮೇಲ್ಪದರ ನುಣ್ಣಗೆ ಕಳಚಿ ಬಂದರೆ ಅದೇ ಉತ್ತರ. ಕಾಲಡಿಯಲ್ಲಿ ಟೊಳ್ಳು ಸದ್ದು, ಬೂಟಿನಿಂದ ಹೊರಟು ಓಡುವ ಬಿರುಕು, ‘ವುಂಫ್’ ಎಂದು ಹಿಮ ಕುಸಿದು ಕೂತ ಶಬ್ದ ಕೇಳಿದರೆ ಚರ್ಚೆ ಬೇಡ. ಬುಡದಲ್ಲಿ ಗುಂಡಿ ತೋಡಿ ಮಾಡಿದ ಪರೀಕ್ಷೆ ಬುಡದ ಹಿಮದ ವಿಷಯ ಹೇಳುತ್ತದೆ, ನೆತ್ತಿಯದ್ದನ್ನಲ್ಲ.

ಹಿಮಕುಸಿತ ಮುನ್ಸೂಚನೆ ಐದು ಹಂತಗಳಲ್ಲಿ ಬರುತ್ತದೆ. ಮೂರನೆಯ ಹಂತಕ್ಕೆ ಕುಲ್ವಾರ್ ಬೇಡ ಎಂಬುದು ನಮ್ಮ ಅಭಿಪ್ರಾಯ. ಎರಡರಲ್ಲೂ ಗಾಳಿ ಕಟ್ಟಿದ ಪದರದ ಎಚ್ಚರಿಕೆ ನಿಮ್ಮ ದಿಕ್ಕಿಗೇ ಇದ್ದರೆ ಬೇಡ. ಹಿಂದಿನ ದಿನದ ಗುರುತಿನ ವಿಷಯ: ಆ ಗುರುತು ನಿನ್ನೆಯ ಹಿಮದ ಮೇಲಿದೆ. ರಾತ್ರಿ ಗಾಳಿ ಬೀಸಿದ್ದರೆ ಇಂದಿನ ಹಿಮ ಬೇರೆ. ಹತ್ತು ಜನ ಇಳಿದ ಮೇಲೆ ಹನ್ನೊಂದನೆಯವರ ಕಾಲಡಿ ಪದರ ಒಡೆದದ್ದೂ ಉಂಟು, ಯಾಕೆಂದರೆ ಪದರ ತೆಳ್ಳಗಿರುವ ಬಿಂದುವನ್ನು ಮೊದಲ ಹತ್ತು ಜನ ತುಳಿದಿರಲಿಲ್ಲ.

ಪ್ರಶ್ನೆ: ಬೂಟಿನಲ್ಲಿ ಮೆಟ್ಟಿಲು ಕಡಿಯುತ್ತ ಹತ್ತುವಾಗ ಅರ್ಧಕ್ಕೇ ಸುಸ್ತಾಗುತ್ತೇನೆ. ತಪ್ಪೇನು?

ಉತ್ತರ: ಬಹುಶಃ ಮೆಟ್ಟಿಲು ತೀರ ದೂರದೂರ. 30 ಡಿಗ್ರಿಯ ಆಸುಪಾಸಿನವರೆಗೆ ಸ್ಕಿನ್ (ಹಿಂದಕ್ಕೆ ಜಾರದಂತೆ ಸ್ಕೀಯ ಅಡಿಗೆ ಅಂಟಿಸುವ ಪಟ್ಟಿ) ಹಾಕಿದ ಸ್ಕೀಯಲ್ಲೇ ಅಂಕುಡೊಂಕಾಗಿ ಏರಬಹುದು. ಅದರಾಚೆ ಪ್ರತಿ ತಿರುವಿಗೂ ಬಲ ಸೋರುತ್ತದೆ, ಜಾರಿದರೆ ತಡೆಯಿಲ್ಲ. ಸ್ಕೀ ಚೀಲಕ್ಕೆ ಕಟ್ಟಿ ನೇರ ಹತ್ತುವುದೇ ಲೇಸು. ಕಟ್ಟುವ ಜಾಗ ಮಟ್ಟಸ ಇರುವಾಗಲೇ ಕಟ್ಟಿ, ಕ್ರಾಂಪಾನನ್ನೂ ಅಲ್ಲೇ ಹಾಕಿ. ‘ಇನ್ನು ಸ್ವಲ್ಪ ಮೇಲೆ ಹೋಗಿ ನೋಡೋಣ’ ಎಂದವರು 40 ಡಿಗ್ರಿಯಲ್ಲಿ ಒಂಟಿಕಾಲಲ್ಲಿ ನಿಂತು ಪಟ್ಟಿ ಬಿಗಿಯುತ್ತಿರುತ್ತಾರೆ.

ಸ್ಕೀಯನ್ನು ಚೀಲದ ಎರಡೂ ಪಕ್ಕಕ್ಕೆ ಕಟ್ಟಿ ತುದಿಗಳನ್ನು ಮೇಲೆ ಜೋಡಿಸಿದರೆ ತೂಕ ಸಮನಾಗಿರುತ್ತದೆ. ಹಿಂಬದಿ ತೀರ ಕೆಳಗೆ ಇಳಿಬಿಟ್ಟರೆ ಹೆಜ್ಜೆ ಎತ್ತುವಾಗಲೆಲ್ಲ ಮೀನಖಂಡಕ್ಕೆ ಬಡಿಯುತ್ತದೆ, ಇಳಿಜಾರಿಗೂ ತಾಗಿ ಮುಂದಕ್ಕೆ ದಬ್ಬುತ್ತದೆ. ಕಿರಿದಾದ ಕತ್ತಿನಲ್ಲಿ ಮೇಲ್ತುದಿ ಬಂಡೆಗೆ ಸಿಕ್ಕೀತು. ಅಂಥಲ್ಲಿ ಎರಡನ್ನೂ ಒಂದಾಗಿ ಓರೆಗೆ ಕಟ್ಟುವುದು ವಾಸಿ. ಸ್ನೋಬೋರ್ಡು ಗಾಳಿಗೆ ಪಟದಂತೆ ಎಳೆಯದಿರಲು ಬೆನ್ನಿಗೆ ಒತ್ತಿ, ನೆಟ್ಟಗೆ ಬಿಗಿಯಬೇಕು.

ಮೆಟ್ಟಿಲಿಗೆ ಬೂಟಿನ ಮೂತಿಯನ್ನು ತೊಡೆಯ ತೂಕದಿಂದ ಬೀಸಿ ಒದೆಯಿರಿ, ಮಂಡಿಯಿಂದ ತಳ್ಳಬೇಡಿ. ಗಟ್ಟಿ ಹಿಮಕ್ಕೆ ಎರಡು ಮೂರು ಒದೆ ಬೇಕಾಗುತ್ತದೆ. ಮೆಟ್ಟಿಲು ಒಳಮುಖವಾಗಿ ತುಸು ತಗ್ಗಿರಲಿ, ಹೊರಕ್ಕೆ ವಾಲಿದ್ದು ಮೂರನೆಯವರ ಕಾಲಿಗೆ ಒಡೆಯುತ್ತದೆ. ಎತ್ತರ ಗುಂಪಿನ ಅತಿ ಗಿಡ್ಡ ಕಾಲಿನವರಿಗೆ ತಕ್ಕಂತೆ: 25–30 ಸೆಂ.ಮೀ. ಸಾಕು. ತೂಕ ಹಾಕಿದ ಕೂಡಲೇ ಕಾಲೆತ್ತಬೇಡಿ. ಒಂದು ಕ್ಷಣ ತಡೆದರೆ ಒತ್ತಿದ ಹಿಮ ಬೆಸೆದುಕೊಳ್ಳುತ್ತದೆ. ಮುಂದಿನವರನ್ನು ನೂರು ಮೆಟ್ಟಿಲಿಗೊಮ್ಮೆ, ಆಳ ಹಿಮವಾದರೆ ಐವತ್ತಕ್ಕೊಮ್ಮೆ ಬದಲಾಯಿಸಿ. ಸೊಂಟದುದ್ದ ಹಿಮದಲ್ಲಿ ಮೊದಲು ಕೈಯಿಂದ ಮುಂದಿನ ಹಿಮ ಕೆಳಗೆಳೆದು, ಮಂಡಿಯಿಂದ ಒತ್ತಿ, ಆಮೇಲೆ ಬೂಟಿಡಬೇಕು. ಅಷ್ಟು ಆಳದ ಸಡಿಲ ಹಿಮ ಕುಲ್ವಾರಿನಲ್ಲಿ ಯಾಕಿದೆ ಎಂದೂ ಆಗ ಕೇಳಿಕೊಳ್ಳಿ.

ನಡುವಿನ ತಗ್ಗು ಗೆರೆಯಲ್ಲಿ ಹತ್ತಬೇಡಿ. ಮೇಲಿನಿಂದ ಬರುವುದೆಲ್ಲ ಬರುವುದು ಅಲ್ಲೇ. ಗಾಳಿಪದರ ಇಲ್ಲದ ಕಡೆಯ ಗೋಡೆಗೆ ಹತ್ತಿರ ಇರಿ.

ಪ್ರಶ್ನೆ: ಮೇಲೆ ಹೋಗಿ ಸ್ಕೀ ಕಟ್ಟಿಕೊಳ್ಳುವುದೇ ಇಳಿಯುವುದಕ್ಕಿಂತ ಭಯ ಎನ್ನುತ್ತಾರಲ್ಲ?

ಉತ್ತರ: ಸರಿಯಾಗಿಯೇ ಹೇಳುತ್ತಾರೆ. ಶಿಖರದ ಅಂಚು ಮಟ್ಟಸವಾಗಿದ್ದು ಕಾರ್ನಿಸ್ ಇಲ್ಲದಿದ್ದರೆ ಅಲ್ಲಿ ಕಟ್ಟಿಕೊಳ್ಳಿ. ನಡು ಇಳಿಜಾರಿನಲ್ಲೇ ಕಟ್ಟಬೇಕಾದರೆ ಮೊದಲು ಸಲಿಕೆಯಿಂದ ಸ್ಕೀ ಉದ್ದದ, ಎರಡು ಬೂಟು ಅಗಲದ ಕಟ್ಟೆ ಕಡಿಯಿರಿ. ಐದು ನಿಮಿಷದ ಕೆಲಸ, ಇದರಲ್ಲಿ ಜಿಪುಣತನ ಬೇಡ. ಆಕ್ಸನ್ನು ತಲೆಯವರೆಗೆ ಹಿಮದಲ್ಲಿ ಇಳಿಸಿ ಅದಕ್ಕೆ ಚೀಲ ಸಿಕ್ಕಿಸಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬ್ರೇಕ್ ಇಲ್ಲದ ಹಗುರದ್ದಾದರೆ ಸ್ಕೀ ಚೀಲದಿಂದ ಬಿಚ್ಚುವ ಮೊದಲೇ ಅದರ ಪಟ್ಟಿ ನಿಮ್ಮ ಮೈಗೆ ಸಿಕ್ಕಿಸಿರಬೇಕು. ಕೈತಪ್ಪಿದ ಸ್ಕೀ ಬುಡ ಮುಟ್ಟುವವರೆಗೆ ನಿಲ್ಲುವುದಿಲ್ಲ. ಕೆಳಗೆ ಯಾರಾದರೂ ಹತ್ತುತ್ತಿದ್ದರೆ ಅವರ ಗತಿ ಹೇಳಬೇಕಿಲ್ಲ.

ಎರಡೂ ಕ್ರಾಂಪಾನ್ ಒಟ್ಟಿಗೆ ಬಿಚ್ಚಬೇಡಿ. ಕಣಿವೆ ಕಡೆಯ ಕಾಲಿನದನ್ನು ಬಿಚ್ಚಿ ಆ ಕಾಲಿಗೆ ಸ್ಕೀ ಹಾಕಿ, ಸ್ಕೀಯ ಅಂಚು ಹಿಮಕ್ಕೆ ಕಚ್ಚಿದ್ದು ಖಾತ್ರಿಯಾದ ಮೇಲೆ ಬೆಟ್ಟದ ಕಡೆಯದು. ಅಷ್ಟು ಹೊತ್ತೂ ಒಂದು ಕಾಲಿನಲ್ಲಿ ಹಲ್ಲಿರುತ್ತದೆ.

ಪಿನ್ ಬೈಂಡಿಂಗಿನವರು ಬೂಟಿನ ಮೂತಿಯ ಎರಡು ಲೋಹದ ಕುಳಿಗಳನ್ನು ಚೂಪಾದ ಏನಾದರೂ ಹಾಕಿ ಕೆದಕಬೇಕು; ಮೆಟ್ಟಿಲು ಒದ್ದೂ ಒದ್ದೂ ಅಲ್ಲಿ ಹಿಮ ಕಲ್ಲಾಗಿರುತ್ತದೆ. ಬೈಂಡಿಂಗಿನ ಮುಂಭಾಗದ ರೆಕ್ಕೆಗಳ ಅಡಿ, ಸ್ಪ್ರಿಂಗ್ ಇರುವಲ್ಲಿಯೂ ಹಿಮ ತುಂಬಿರುತ್ತದೆ. ಇದ್ದರೆ ದವಡೆ ಮುಚ್ಚಿದಂತೆ ಕಂಡರೂ ಪೂರ್ತಿ ಮುಚ್ಚಿರುವುದಿಲ್ಲ, ಮೊದಲ ತಿರುವಿಗೇ ಕಾಲು ಕಳಚುತ್ತದೆ. ಪರೀಕ್ಷೆ ಸುಲಭ: ಮೂತಿ ಸಿಕ್ಕಿಸಿ, ಹಿಮ್ಮಡಿ ಬಿಟ್ಟುಕೊಂಡು ಕಾಲನ್ನು ಏಳೆಂಟು ಸಲ ಮೇಲೆ ಕೆಳಗೆ ಆಡಿಸಿ, ಮುಂದಿನ ಲೀವರ್ ಎಳೆದಾಗ ಎಂದಿನಷ್ಟೇ ಟಕ್ ಟಕ್ ಕೇಳುತ್ತದೆಯೆ ನೋಡಿ. ಒಂದು ಸದ್ದು ಹೆಚ್ಚಾದರೂ ಕಡಿಮೆಯಾದರೂ ಬಿಚ್ಚಿ ಮತ್ತೆ ಕೆದಕಿ. ಬೂಟನ್ನು ನಡಿಗೆಯಿಂದ ಸ್ಕೀ ಸ್ಥಿತಿಗೆ ತಿರುಗಿಸಲು ಮರೆಯುವವರೂ ಕಡಿಮೆಯಿಲ್ಲ.

ಪ್ರಶ್ನೆ: ಮೊದಲ ತಿರುವು ಹೇಗೆ ಹಾಕಬೇಕು? ಜಿಗಿದು ಹಾಕುವ ತಿರುವಿನಲ್ಲಿ (ಜಂಪ್ ಟರ್ನ್) ಸ್ಕೀಯ ಹಿಂಬದಿ ಪ್ರತಿ ಸಲ ಹಿಮಕ್ಕೆ ಸಿಕ್ಕುತ್ತದೆ.

ಉತ್ತರ: ಮೊದಲು ತಿರುವೇ ಬೇಡ. ಅಡ್ಡಲಾಗಿ ನಿಂತು ಅಂಚು ಸಡಿಲಿಸಿ ಮೂರು ನಾಲ್ಕು ಮೀಟರ್ ಪಕ್ಕಜಾರಿ, ಅಂಚು ಒತ್ತಿ ನಿಲ್ಲಿ. ಹಿಮ ಎಷ್ಟು ಗಟ್ಟಿ, ಅಂಚು ಎಷ್ಟು ಕಚ್ಚುತ್ತದೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಅಗಲ ಹೆಚ್ಚಿರುವ ಕಡೆ ಮೊದಲ ತಿರುವು ಹಾಕಿ.

ಜಂಪ್ ಟರ್ನಿಗೆ ಎದೆ ಕಣಿವೆಯ ಕಡೆ, ತೂಕ ಕೆಳಗಿನ ಸ್ಕೀ ಮೇಲೆ. ಕೋಲನ್ನು ಕೆಳಗಿನ ಬೂಟಿನ ಹಿಮ್ಮಡಿಗೆ ನೇರ ಕೆಳಗೆ, ಕೈ ಪೂರ್ತಿ ಚಾಚಿ ಊರಿ. ಮಂಡಿ ಬಗ್ಗಿಸಿ ಚಿಮ್ಮಿ, ಹಿಮ್ಮಡಿಗಳನ್ನು ಪೃಷ್ಠದ ಕಡೆಗೆ ಎಳೆದುಕೊಳ್ಳಿ. ನಿಮ್ಮ ಹಿಂಬದಿ ಸಿಕ್ಕುವುದು ಇಲ್ಲೇ: ಚಿಮ್ಮುವುದೇನೋ ಚಿಮ್ಮುತ್ತೀರಿ, ಕಾಲು ಮಡಚುತ್ತಿಲ್ಲ. ಇಳಿಜಾರು ಕಡಿದಾದಷ್ಟೂ ಬೆಟ್ಟ ನಿಮ್ಮ ಸ್ಕೀಯ ಹಿಂಬದಿಗೆ ಹತ್ತಿರ ಬರುತ್ತದೆ. ಎರಡೂ ಕಾಲಲ್ಲಿ ಚಿಮ್ಮಲು ಕಷ್ಟವಾದರೆ ಮೇಲಿನ ಕಾಲಿನಿಂದ ತಳ್ಳಿ ಕೆಳಗಿನದನ್ನು ಮೊದಲು ಎತ್ತಿ; ಕಡಿದಾದ ಕಡೆ ದಣಿವು ಕಡಿಮೆ ಮಾಡುವ ರೀತಿ ಇದು. ಇಳಿಯುವಾಗ ಸ್ಕೀಗಳು ಪೂರ್ತಿ ಅಡ್ಡಲಾಗಿರಬೇಕು. ಮುಕ್ಕಾಲು ತಿರುವಿಗೇ ನೆಲ ಮುಟ್ಟಿದರೆ ಅವು ಕೆಳಮುಖವಾಗಿ ಓಡುತ್ತವೆ. ಪ್ರತಿ ತಿರುವಿನ ಕೊನೆಗೂ ವೇಗ ಸೊನ್ನೆಗೆ ಬರಲಿ.

ಹೆದರಿದ ಮೈ ಬೆಟ್ಟಕ್ಕೆ ಒರಗುತ್ತದೆ. ಒರಗಿದ ಕೂಡಲೇ ತೂಕ ಅಂಚಿನಿಂದ ತಪ್ಪುತ್ತದೆ, ಸ್ಕೀ ಕಾಲಡಿಯಿಂದ ಹೊರಜಾರುತ್ತದೆ. ಕುಲ್ವಾರಿನ ಬೀಳುಗಳಲ್ಲಿ ಬಹುಪಾಲಿನ ಬೇರು ಇದೇ. ಊರಿದ ಕೋಲಿನ ಬುಡವನ್ನೇ ನೋಡುತ್ತಿದ್ದರೆ ಎದೆ ತಾನಾಗಿ ಹೊರಕ್ಕೆ ಬರುತ್ತದೆ.

ಇದೆಲ್ಲ ಗಟ್ಟಿ ಹಿಮಕ್ಕೆ. 15–20 ಸೆಂ.ಮೀ. ಮೆತ್ತನೆ ಹಿಮ ಇದ್ದರೆ ಜಿಗಿಯುವ ಅಗತ್ಯವಿಲ್ಲ, ಆದರೆ ಆಗ ಸ್ಲಫ್ ಎಂಬ ಬೇರೆ ಕಾಟ. ನೀವು ಕೆದಕಿದ ಸಡಿಲ ಹಿಮ ನಿಮ್ಮ ಹಿಂದೆಯೇ ಹರಿದು ಬಂದು, ಕೆಲವೇ ತಿರುವುಗಳಲ್ಲಿ ನಿಮಗಿಂತ ವೇಗ ಪಡೆಯುತ್ತದೆ. ನಾಲ್ಕೈದು ತಿರುವಿಗೊಮ್ಮೆ ಗೋಡೆಯ ಪಕ್ಕಕ್ಕೆ, ನಡುಗೆರೆಗಿಂತ ಎತ್ತರದ ಕಡೆ ಸರಿದು, ಭುಜದ ಮೇಲಿಂದ ಹಿಂದೆ ನೋಡಿ, ಅದು ಹೋಗಲು ಬಿಡಿ. ಕಿರಿದಾದ ಕತ್ತಿಗೆ ಸ್ಲಫ್ ಮೊದಲು, ನೀವು ಆಮೇಲೆ.

ಒಬ್ಬೊಬ್ಬರಾಗಿಯೇ ಇಳಿಯಿರಿ. ನಿಲ್ಲುವ ಜಾಗ ಹತ್ತುವಾಗಲೇ ಗುರುತಿಸಿಟ್ಟದ್ದಾಗಿರಲಿ: ಮೇಲೆ ಬಂಡೆ ಚಾಚಿಕೊಂಡಿರುವ ಮೂಲೆ, ನಡುಗೆರೆಯಿಂದ ಆಚೆ. ಬುಡದಲ್ಲಿ ಹಿಮ ಬೀಸಣಿಗೆಯಾಗಿ ಹರಡಿದ ಜಾಗ ಮಟ್ಟಸವೆಂದು ಅಲ್ಲಿ ನಿಂತು ಚಿತ್ರ ತೆಗೆಯಬೇಡಿ, ಕುಲ್ವಾರು ತನ್ನದನ್ನೆಲ್ಲ ಸುರಿಯುವ ಜಾಗ ಅದು.

ಪ್ರಶ್ನೆ: ಇದೆಲ್ಲ ಸ್ಕೀಯವರ ಮಾತಾಯಿತು. ಸ್ನೋಬೋರ್ಡಿನವರಿಗೆ?

ಉತ್ತರ: ಬೋರ್ಡಿನವರಿಗೆ ಒಂದೇ ಉದ್ದ ಅಂಚು, ಕಾಲು ಬಿಡಿಸಿಕೊಳ್ಳುವಂತಿಲ್ಲ, ಕೋಲಿಲ್ಲ. ಅನುಕೂಲವೂ ಉಂಟು: ಸ್ಕೀಗಳಂತೆ ಎರಡು ಬೇರೆಬೇರೆ ಕಡೆ ಹೋಗುವ ಭಯವಿಲ್ಲ, ಒಡೆಯುವ ಹೊರಪದರದ ಹಿಮದಲ್ಲಿ ಬೋರ್ಡ್ ತೇಲುತ್ತದೆ. ಕಟ್ಟಿಕೊಳ್ಳಲು ಹಿಮದಲ್ಲಿ ಕೂರುವ ಕುಳಿ ತೋಡಿ, ಅಂಚು ನಿಲ್ಲಲು ಗೆರೆ ಕೊರೆದು, ಕಾಲು ಸಿಕ್ಕಿಸುವವರೆಗೂ ಬೋರ್ಡನ್ನು ಬೈಂಡಿಂಗ್ ಕೆಳಗಾಗಿ ಮಗುಚಿಡಿ. ಸ್ಪ್ಲಿಟ್‌ಬೋರ್ಡಿನವರು ಎರಡು ಹೋಳು ಜೋಡಿಸುವ ಕೆಲಸವನ್ನು ಬುಡದಲ್ಲೇ ಮುಗಿಸಿ, ಜೋಡಿಸಿದ್ದನ್ನೇ ಹೊತ್ತು ಹತ್ತುವುದು ಒಳ್ಳೆಯದು. ಮೇಲೆ ಗಾಳಿಯಲ್ಲಿ, ಬೈಂಡಿಂಗ್ ಕೂರುವ ಪಕ್‌ಗಳಿಗೆ ಮಂಜು ಕಟ್ಟಿದ ಮೇಲೆ ಆ ಕೆಲಸ ಬೆರಳಿಗೆ ದೊಡ್ಡ ಶಿಕ್ಷೆ.

ಹಿಮ್ಮಡಿ ಅಂಚಿನಲ್ಲಿ ಕೆಳಗಿನದೆಲ್ಲ ಕಾಣುತ್ತದೆ, ಆದರೆ ಗಟ್ಟಿ ಹಿಮದಲ್ಲಿ ಅದು ನಡುಗಿ ತಪ್ಪುವುದು ಹೆಚ್ಚು. ಬೆರಳ ಅಂಚಿನಲ್ಲಿ ಕಣಕಾಲಿನ ಹಿಡಿತ ಚೆನ್ನ, ಮುಖ ಬೆಟ್ಟಕ್ಕಿರುವುದರಿಂದ ಆಕ್ಸ್ ಊರಲೂ ಬರುತ್ತದೆ. ಅತಿ ಕಡಿದಾದ ತುಂಡನ್ನು ಬೆರಳ ಅಂಚಿನಲ್ಲಿ ಪಕ್ಕಜಾರಿ ದಾಟುವುದರಲ್ಲಿ ಅವಮಾನವೇನೂ ಇಲ್ಲ.

ಪ್ರಶ್ನೆ: ಬಿದ್ದರೆ? ಬೈಂಡಿಂಗಿನ ಮೂತಿಯನ್ನು ಲಾಕ್ ಮಾಡಿ ಇಳಿಯುವುದು ಸರಿಯೆ?

ಉತ್ತರ: ಮೊದಲ ಒಂದು ಸೆಕೆಂಡಿನಲ್ಲಿ ಮಾಡಿದ್ದಷ್ಟೇ ಲೆಕ್ಕಕ್ಕೆ. ಕಾಲು ಕೆಳಗಾಗಿ, ಹೊಟ್ಟೆ ಹಿಮಕ್ಕಾಗಿ ತಿರುಗಿ. ಸ್ಕೀ ಇನ್ನೂ ಕಾಲಲ್ಲಿದ್ದರೆ ಅಡ್ಡ ಹಾಕಿ ಅಂಚು ಒತ್ತಿ. ಇಲ್ಲದಿದ್ದರೆ ಕೋಲಿನ ತುದಿಯ ಹತ್ತಿರ ಹಿಡಿದು ಎದೆಯ ಭಾರವನ್ನೆಲ್ಲ ಅದರ ಮೇಲೆ ಬಿಡಿ. ಆಕ್ಸ್ ಕೈಯಲ್ಲಿದ್ದರೆ ಅದರ ಕೊಕ್ಕಿನ ಮೇಲೆ. ಹತ್ತುವಾಗ ಬಿದ್ದರೆ ಕ್ರಾಂಪಾನ್ ಇರುವ ಪಾದಗಳನ್ನು ಮೇಲಕ್ಕೆತ್ತಿ ಹಿಡಿಯಬೇಕು. ಹಲ್ಲು ಹಿಮಕ್ಕೆ ಸಿಕ್ಕರೆ ದೇಹ ಹಿಮ್ಮುಖವಾಗಿ ಮಗುಚುತ್ತದೆ, ಕಣಕಾಲೂ ಮುರಿಯುತ್ತದೆ. ಮಂಜುಗಡ್ಡೆಯ ಮೇಲೆ ಆಕ್ಸ್ ಹಾಕಿ ನಿಲ್ಲಿಸಬಹುದೆಂಬ ನಂಬಿಕೆ ಬೇಡ.

ಲಾಕ್ ವಿಷಯದಲ್ಲಿ ಎರಡು ಪಂಥ. ಲಾಕ್ ಮಾಡಿದರೆ ಅಕಾಲದಲ್ಲಿ ಕಳಚುವುದಿಲ್ಲ, ಆದರೆ ಹಿಮಕುಸಿತದಲ್ಲಿ ಸ್ಕೀಯೇ ನಿಮ್ಮನ್ನು ಕೆಳಗೆಳೆಯುತ್ತದೆ, ಮಂಡಿಯೂ ತಿರುಚುತ್ತದೆ. ನಮ್ಮ ಮಾತು ಇಷ್ಟು: ಪದೇಪದೇ ಕಳಚುವ ಬೈಂಡಿಂಗಿಗೆ ಲಾಕ್ ಪರಿಹಾರವಲ್ಲ, ಅಂಗಡಿಯಲ್ಲಿ ಹೊಂದಿಸಿಕೊಂಡು ಬನ್ನಿ. ಗಟ್ಟಿ ಹಿಮ, ಹಿಮಕುಸಿತದ ಭಯವಿಲ್ಲ, ಸ್ಕೀ ಕಳಚಿದರೆ ಪ್ರಾಣವೇ ಹೋದೀತು ಎಂಬ ಚಿಕ್ಕ ತುಂಡಿಗೆ ಮಾತ್ರ ಲಾಕ್ ಮಾಡಿ, ದಾಟಿದ ಮೇಲೆ ಬಿಡಿಸಿ.

ಪ್ರಶ್ನೆ: ಹಿಂದಿನವರು ಇಷ್ಟೆಲ್ಲ ಸಲಕರಣೆ ಇಲ್ಲದೆಯೇ ಇಳಿದರಲ್ಲ?

ಉತ್ತರ: ಇಳಿದರು. ಸ್ವಿಸ್ ಸ್ಕೀಯರ್ ಸಿಲ್ವಾಂ ಸೊದಾಂ 1967ರಲ್ಲಿ ಶಾಮೊನಿಯ ಸ್ಪೆನ್ಸರ್ ಕುಲ್ವಾರ್ ಇಳಿದಾಗ ಟ್ರಾನ್ಸೀವರ್ ಬಳಕೆಗೇ ಬಂದಿರಲಿಲ್ಲ. ಬಿಲ್ ಬ್ರಿಗ್ಸ್ 1971ರಲ್ಲಿ ಅಮೆರಿಕದ ಗ್ರ್ಯಾಂಡ್ ಟೀಟನ್ ಶಿಖರದಿಂದ ಸ್ಕೀಯಲ್ಲಿ ಇಳಿದರು. ಸೊದಾಂ 2024ರವರೆಗೆ ಬದುಕಿದ್ದರು. 2001ರಲ್ಲಿ ಎವರೆಸ್ಟಿನ ನಾರ್ಟನ್ ಕುಲ್ವಾರನ್ನು ಸ್ನೋಬೋರ್ಡಿನಲ್ಲಿ ಇಳಿದ ಮಾರ್ಕೊ ಸಿಫ್ರೆಡಿ ಮರುವರ್ಷ ಅದೇ ಪರ್ವತದ ಹಾರ್ನ್‌ಬೈನ್ ಕುಲ್ವಾರಿಗೆಂದು ಹೋಗಿ ಕಾಣೆಯಾದರು. ಇವರೆಲ್ಲರ ಸಲಕರಣೆ ಕಡಿಮೆಯಿದ್ದಿರಬಹುದು, ಹಿಮ ಓದುವ ಕಣ್ಣು ಕಡಿಮೆಯಿರಲಿಲ್ಲ.

ಪ್ರಶ್ನೆ: ಕುಲ್ವಾರಿನ ನಡುವೆ ಬಂಡೆಯ ಜಿಗಿತ ಇದ್ದರೆ ಹಗ್ಗದಲ್ಲಿ ಇಳಿಯಲು ಎಷ್ಟು ಉದ್ದ ಒಯ್ಯಬೇಕು?

ಉತ್ತರ: ಹಗ್ಗ ಎರಡು ಮಡಿಕೆಯಾಗುವುದರಿಂದ 30 ಮೀಟರ್ ಹಗ್ಗ 15 ಮೀಟರ್ ಇಳಿಸುತ್ತದೆ, 60 ಮೀಟರಿನದು 30. 6 ಮಿ.ಮೀ.ನ ತೆಳು ಹಗ್ಗ ಹಗುರವೇನೋ ಹೌದು, ಆದರೆ ಸಾಮಾನ್ಯ ಇಳಿಸಾಧನದಲ್ಲಿ ಸರ್ರನೆ ಜಾರುತ್ತದೆ. ಅದಕ್ಕೆಂದೇ ಮಾಡಿದ ಸಾಧನ ಬೇಕು, ಜೊತೆಗೆ ಕೆಳಗೆ ತಡೆಗಂಟಿನ ದಾರ. ಗೋಡೆಯಲ್ಲಿ ಹಳೆಯ ಪಟ್ಟಿಗಳಿದ್ದರೆ ಬಿಸಿಲಿಗೆ ಬಣ್ಣಗೆಟ್ಟಿವೆಯೆ, ಅಂಚಿಗೆ ಉಜ್ಜಿವೆಯೆ ನೋಡಿ. ಅನುಮಾನ ಬಂದರೆ ಸ್ವಂತದ್ದನ್ನು ಕಟ್ಟಿ ಬಿಟ್ಟುಬನ್ನಿ. ಬಂಡೆಯಲ್ಲಿ ಹಿಡಿತ ಸಿಗದಿದ್ದರೆ ಹಿಮದಲ್ಲಿ ಅಡ್ಡ ಕಂದಕ ತೋಡಿ, ನಡುವಿಗೆ ಪಟ್ಟಿ ಕಟ್ಟಿದ ಹಿಮ ತುಂಬಿದ ಚೀಲ ಹೂಳಬಹುದು. ಮೆತ್ತನೆ ಹಿಮದಲ್ಲಿ ಅರ್ಧ ಮೀಟರಿಗಿಂತ ಆಳಕ್ಕೆ, ಪಟ್ಟಿ ಕೆಳಮುಖವಾಗಿ ಹೊರಬರಲು ಕಿರುಗಾಲುವೆ ಕೊರೆದು. ಸ್ಕೀಯನ್ನು ಹೂತರೆ ಹಿಡಿತ ಇನ್ನೂ ಚೆನ್ನ, ಆದರೆ ಕೊನೆಯವರಿಗೆ ಅದನ್ನು ವಾಪಸ್ ತರುವ ದಾರಿಯಿಲ್ಲ. ಮೊದಲು ಇಳಿಯುವವರಿಗೆ ಹಗ್ಗದ ಎರಡೂ ತುದಿಗೆ ಗಂಟು ಇರಲೇಬೇಕು. ಕೊನೆಯವರು ಇಳಿದ ಮೇಲೆ, ಎಳೆಯುವ ಮುಂಚೆ, ಆ ಎರಡೂ ಗಂಟು ಬಿಚ್ಚಿ. ಒಂದು ಉಳಿದರೂ ಹಗ್ಗ ಮೇಲೇ ಸಿಕ್ಕಿಕೊಳ್ಳುತ್ತದೆ.